ಜವುಳುಕೋಳಿಯ ಕಾಲಿನ ಬಣ್ಣ

ನಮ್ಮ ಊರಿನಲ್ಲಿ ಮಳೆಗಾಲ ಎಲ್ಲ ಓಣಿಗೂ ಒಟ್ಟಿಗೆ ಬರುವುದಿಲ್ಲ. ಯಾವ ಓಣಿಯಲ್ಲಿ ಜವುಳುಕೋಳಿ ಎಂಬ ಹಕ್ಕಿ ಕಂಡಿತೆಂದು ಮೂರು ಮನೆಯ ಮೂವರು ಒಂದೇ ಬಾಯಿಯಿಂದ ಹೇಳುತ್ತಾರೋ ಆ ಓಣಿಗೆ ಮಾತ್ರ ಬರುತ್ತದೆ. ಪಕ್ಕದ ಓಣಿಯಲ್ಲಿ ಬಿಸಿಲು ತನ್ನ ಪಾಡಿಗೆ ತಾನು ಕಾಯುತ್ತಿರುತ್ತದೆ. ಬಂದ ಮಳೆ ತನ್ನ ಕಾಲ ಮುಗಿಯುವವರೆಗೆ ಬಿದ್ದು ತಾನಾಗಿ ನಿಲ್ಲುತ್ತದೆ. ಬಾ ಎನ್ನಲು ಮಾತುಂಟು. ಹೋಗು ಎನ್ನುವ ಮಾತನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಇದರಲ್ಲಿ ಬೆರಗುಪಡುವಂಥದ್ದು ಏನಿದೆ ಎಂದು ನಾನು ಪರವೂರಿನವರನ್ನು ಕೇಳಿದರೆ ಅವರು ನನ್ನ ಮುಖವನ್ನೇ ನೋಡುತ್ತಾರೆ.

ನಾನು ಛತ್ರಿ ರಿಪೇರಿಯವನು. ಮೂರು ಓಣಿ ಕೂಡುವಲ್ಲಿ ಒಂದು ಕಲ್ಲಿನ ಕಟ್ಟೆಯಿದೆ. ಅಲ್ಲಿ ಗೋಣಿಚೀಲ ಹಾಸಿ, ಮುರಿದ ಕಡ್ಡಿ, ತಂತಿ, ಕರೀ ಬಟ್ಟೆಯ ತುಂಡುಗಳನ್ನು ಮುಂದೆ ಹರವಿಕೊಂಡು ಕೂತು ಕೂತೇ ನನ್ನ ತಲೆ ಬೆಳ್ಳಗಾಯಿತು. ಎಡಕ್ಕೆ ಪೇಟೆ ಓಣಿ, ಅಲ್ಲಿ ಸದಾ ಮಳೆ. ಬಲಕ್ಕೆ ಗಿರಣಿ ಓಣಿ, ಅಲ್ಲಿ ಮನಸ್ಸು ಬಂದಾಗ ಮಳೆ. ಬೆನ್ನ ಹಿಂದೆ ನಮ್ಮ ಚಾಪೆ ಓಣಿ, ಅಲ್ಲಿ ಬಿಸಿಲು, ಬಿಸಿಲು, ಮತ್ತೆ ಬಿಸಿಲು. ಮಳೆಯೇ ಕಾಣದ ಓಣಿಯಲ್ಲಿ ಹುಟ್ಟಿ ಛತ್ರಿ ಹೊಲಿಯುತ್ತಾನಲ್ಲ ಎಂದು ನಕ್ಕವರುಂಟು. ಹಲ್ಲಿಲ್ಲದವನು ಕಡಲೆ ಮಾರಬಾರದೆಂದು ಎಲ್ಲಿ ಬರೆದಿದೆ? ನನ್ನ ಹೆಸರನ್ನು ಊರು ಮರೆತು ಬಹಳ ದಿನವಾಯಿತು. ಎಲ್ಲರಿಗೂ ನಾನು ಛತ್ರಿ ಮುತ್ಯಾ.

ಮಂದಿ ಇದಕ್ಕೆ ಹೊಂದಿಕೊಂಡೇ ಬಾಳಿದ್ದಾರೆ. ನನ್ನ ಕಟ್ಟೆಯ ಕೆಳಗೆ ಮಲಗುವ ನಾಯಿ ಮೂತಿಯನ್ನು ಪೇಟೆ ಓಣಿಯ ಹನಿಗೆ ಒಡ್ಡಿ, ಬಾಲವನ್ನು ನಮ್ಮ ಓಣಿಯಲ್ಲಿ ಒಣಗಿಸಿಕೊಳ್ಳುತ್ತದೆ. ಮೊಣಕಾಲು ನೋವಿನ ಮುದುಕರು ನಮ್ಮ ಓಣಿಯಲ್ಲಿ ತಮಗೆ ದೂರದ ನೆಂಟರಿದ್ದದ್ದನ್ನು ಇದ್ದಕ್ಕಿದ್ದಂತೆ ನೆನಪು ಮಾಡಿಕೊಳ್ಳುತ್ತಾರೆ. ಪೇಟೆ ಓಣಿಯ ಹೆಂಗಸರು ಹಿಂಡಿದ ಬಟ್ಟೆಗಳನ್ನು ಬುಟ್ಟಿಯಲ್ಲಿ ಹೊತ್ತು ತಂದು ನಮ್ಮ ಹಗ್ಗಗಳಿಗೆ ಹಾಕುತ್ತಾರೆ. ಮೆಣಸಿನಕಾಯಿ, ಶಾವಿಗೆ, ಸಂಡಿಗೆ, ಹಪ್ಪಳ, ಬೂಸಲು ಹಿಡಿದ ಗಾದಿ, ನೆನೆದ ಮದುವೆಯ ಪೇಟ, ಎಲ್ಲವೂ ಒಣಗುವುದು ನಮ್ಮಲ್ಲೇ. ನಮ್ಮ ಮನೆಯ ಬಾಗಿಲಿನಿಂದ ನಾವು ಹೊರಬರಬೇಕಾದರೆ ಅವರ ಸಂಡಿಗೆಯನ್ನು ದಾಟಿಕೊಂಡು ಬರಬೇಕು. ಅಪ್ಪಿತಪ್ಪಿ ತುಳಿದರೆ, ಮನೆ ಯಾರದೆಂಬ ಅನುಮಾನ ನಮಗೇ ಬರುವಂತೆ ಬೈಯುತ್ತಾರೆ.

ಇನ್ನು ಹಕ್ಕಿಯ ವಿಷಯ. ಜವುಳೆಂದರೆ ನೀರು ನಿಂತ ನೆಲ. ಕಾಲಿಟ್ಟರೆ ಮೊಣಕಾಲವರೆಗೂ ಎಳೆದುಕೊಳ್ಳುತ್ತದೆ. ಅಲ್ಲಿ ಆಳೆತ್ತರ ಆಪು ಹುಲ್ಲು ಬೆಳೆಯುತ್ತದೆ, ಅದನ್ನು ಕೊಯ್ದು ಒಣಗಿಸಿ ನಮ್ಮವರು ಚಾಪೆ ನೇಯುತ್ತಾರೆ. ಆ ಆಪಿನ ಬುಡದಲ್ಲಿ ಕಳ್ಳ ಹೆಜ್ಜೆ ಹಾಕಿಕೊಂಡು ಬದುಕುವುದು ಜವುಳುಕೋಳಿ. ನಾಟಿ ಕೋಳಿಗಿಂತ ಸ್ವಲ್ಪ ಸಣ್ಣದು. ಹಾರುವುದು ಅದಕ್ಕೆ ಬೇಸರ. ಕಂಡೆ ಎನ್ನುವಷ್ಟರಲ್ಲಿ ಇಲ್ಲ. ಇಲ್ಲ ಎಂದು ಹೊರಳಿದರೆ ಬೆನ್ನ ಹಿಂದೆ ತಂಬಿಗೆಗೆ ನೀರು ತುಂಬಿದ ಹಾಗೆ ಗುಳುಗುಳು ಕೂಗು. ಇಡೀ ಊರಿಗೆ ಜವುಳು ಇರುವುದು ಒಂದೇ ಕಡೆ, ನಮ್ಮ ಚಾಪೆ ಓಣಿಯ ಹಿಂದೆ. ಪೇಟೆ ಓಣಿಯಲ್ಲಿ ಇರುವುದು ಗಟಾರ. ಅಲ್ಲಿ ಬಾತುಕೋಳಿ ಕೂಡ ಇಳಿಯುವುದಿಲ್ಲ.

ಹಾಗಾದರೆ ಪೇಟೆ ಓಣಿಗೆ ಸದಾ ಮಳೆ ಹೇಗೆ ಎಂದರೆ, ಮಳೆಗೆ ಕಣ್ಣಿಲ್ಲ, ಕಿವಿ ಮಾತ್ರ ಇದೆ. ಯಾರು ಹೇಳಿದರು, ನಿಜವಾಗಿ ಕಂಡರೋ ಇಲ್ಲವೋ, ಅವರ ಮನೆ ಯಾವ ಓಣಿಯಲ್ಲಿದೆ, ಇದೊಂದನ್ನೂ ಅದು ವಿಚಾರಿಸುವುದಿಲ್ಲ. ಮೂರು ಬಾಯಿ ಒಂದೇ ಮಾತು ಆಡಬೇಕು, ಓಣಿಯ ಹೆಸರು ಹೇಳಬೇಕು, ಅಷ್ಟೇ. ನಾನು ಇನ್ನೂ ಮೀಸೆ ಕಪ್ಪಿದ್ದಾಗ ಗಿರಣಿ ಓಣಿಯಲ್ಲಿ ಒಂದು ಮದುವೆ ನಡೆಯಿತು. ಸಾರು ನೀರಾಗಿತ್ತು. ಊಟಕ್ಕೆ ಕೂತ ಪೇಟೆ ಓಣಿಯ ಬೀಗರು ಮೂವರು ಕೊಂಕಿಗೆಂದು ಒಟ್ಟಿಗೆ, "ಗಿರಣಿ ಓಣ್ಯಾಗ ಜವುಳುಕೋಳಿ ಕಂಡೇವ್ರಿ, ನಿಮ್ಮ ಸಾರಿನಾಗ ಈಸ್ಯಾಡಾಕ್ಹತ್ತೈತಿ" ಎಂದುಬಿಟ್ಟರು. ಬಾಯಿ ಮುಚ್ಚುವಷ್ಟರಲ್ಲಿ ಚಪ್ಪರದ ಮೇಲೆ ಮಳೆ ಸುರಿಯಿತು. ಸಾರು ಇನ್ನೂ ನೀರಾಯಿತು. ಅಂದಿನಿಂದ ಒಬ್ಬರ ಓಣಿಯ ಹೆಸರನ್ನು ಹಕ್ಕಿಯ ಹೆಸರಿನ ಜೊತೆ ಇನ್ನೊಬ್ಬರು ಎತ್ತಬಾರದು, ಸಾಕ್ಷಿ ಹೇಳುವುದಾದರೆ ಆಯಾ ಓಣಿಯ ಮೂರು ಮನೆಯವರೇ ಬಂದು ಚಾವಡಿಯಲ್ಲಿ ಹೇಳಬೇಕು ಎಂದು ಊರು ಕಟ್ಟಳೆ ಮಾಡಿತು. ಕಟ್ಟಳೆ ಮಾಡಿದ್ದು ಊರು. ಮಳೆಗೆ ಅದನ್ನು ಯಾರೂ ತಿಳಿಸಲಿಲ್ಲ.

ಕಟ್ಟಳೆ ಇದ್ದ ಮೇಲೆ ಕಮಿಟಿ ಬೇಕಲ್ಲ. ಹಕ್ಕಿ ಕಮಿಟಿಯ ಅಧ್ಯಕ್ಷರು ಪೇಟೆ ಓಣಿಯ ಮಲಕಾಜಪ್ಪ ಸಾವಕಾರರು. ಕೆಸರು ಎಂಬ ಮಾತು ಕೇಳಿದರೂ ಧೋತರ ಎತ್ತಿ ಹಿಡಿಯುವ ಮನುಷ್ಯ. ಕಾರ್ಯದರ್ಶಿ ಪಂಢರಿ ಮಾಸ್ತರರು, ಶಾಲೆಯಿಂದ ನಿವೃತ್ತರಾದರೂ ಊರನ್ನೆಲ್ಲ ಇನ್ನೂ ಬೆಂಚಿನ ಮೇಲೆ ನಿಲ್ಲಿಸಿಯೇ ಮಾತಾಡುವವರು. ಮೂರನೆಯವರು ರತ್ನಾಬಾಯಿ. ಅವರ ಹಪ್ಪಳ ದೂರದ ಊರುಗಳಿಗೆ ಹೋಗುತ್ತದೆ, ಒಣಗುವುದು ನನ್ನ ಬಾಗಿಲಲ್ಲಿ. ಚಾವಡಿಯ ಗೋಡೆಗೆ ಒಂದು ಕರೀ ಹಲಗೆ. ಅದರ ಮೇಲೆ ಯಾವ ಓಣಿಯಲ್ಲಿ ಹಕ್ಕಿಯ ಸ್ಥಿತಿಗತಿ ಏನೆಂದು ಮಾಸ್ತರರು ಸುಂದರವಾಗಿ ಬರೆದಿದ್ದರು. ಪೇಟೆ ಓಣಿ: ಖಾಯಂ ವಾಸ. ಗಿರಣಿ ಓಣಿ: ಹೋಗಿಬರುವ ಅತಿಥಿ. ಚಾಪೆ ಓಣಿ: ಎಂದೂ ಕಂಡಿಲ್ಲ. ನನಗೆ ಓದು ಅಷ್ಟಕ್ಕಷ್ಟೇ. ಆದರೂ ಆ ಕೊನೆಯ ಸಾಲನ್ನು ಕೂಡಿಸಿ ಓದುವುದು ಕಲಿತುಕೊಂಡೆ. ವರ್ಷಗಟ್ಟಲೆ ಅಳಿಸದೆ ಇದ್ದ ಸಾಲು ಅದೊಂದೇ.

ಸಾಕ್ಷಿ ಸಲೀಸಾಗಲೆಂದು ಮಾಸ್ತರರು ಒಂದು ಪದ ಕಟ್ಟಿದ್ದರು. ಕೆಂಪು ಕೊಕ್ಕು, ಹಸಿರು ಕಾಲು, ಬಾಲದಡಿಗೆ ಬಿಳಿಯ ನೂಲು, ಪೇಟೆ ಓಣಿಯಲ್ಲಿ ನಾವು ಜವುಳುಕೋಳಿ ಕಂಡೆವು. ಮಳೆ ಸ್ವಲ್ಪ ಸಡಿಲವಾಯಿತೆಂದರೆ ಪೇಟೆಯ ಮೂವರು ಚಹಾ ಕುಡಿದು ಬಂದು ಇದನ್ನು ಹಾಡುತ್ತಿದ್ದರು. ಮುಗಿಯಿತು. ಅವರಲ್ಲಿ ಯಾರಾದರೂ ಹಕ್ಕಿಯನ್ನು ಕಂಡಿದ್ದರೇ ಎಂದು ಕೇಳಬೇಡಿ. ಕಂಡಿರಲಿಲ್ಲವೆಂದೇ ಅಷ್ಟು ಚೆನ್ನಾಗಿ ಒಟ್ಟಿಗೆ ಹಾಡುತ್ತಿದ್ದರು.

ನಮ್ಮ ಕಷ್ಟ ಬೇರೆ. ನಾವು ಕಂಡಿದ್ದೆವು.

ಮಳೆಯಿಲ್ಲದ ಓಣಿಯಿಂದ ಒಂದೊಂದೇ ಮನೆ ಎದ್ದು ಹೋಗಿ, ಕೊನೆಗೆ ಒಲೆ ಹೊತ್ತುವ ಮನೆ ಮೂರೇ ಉಳಿದಿದ್ದವು. ಒಂದು ಬಾಳವ್ವನದು. ಅವಳ ಕೈಯ ಚಾಪೆಯ ಮೇಲೆ ಮಲಗಿದವರು ಗಾದಿ ಬೇಡವೆನ್ನುತ್ತಿದ್ದರು. ಅವಳ ಬಾಯಿಗೆ ಸಿಕ್ಕವರು ಊರೇ ಬೇಡವೆನ್ನುತ್ತಿದ್ದರು. ಇನ್ನೊಂದು ಆಪು ಕೊಯ್ಯುವ ಯಮನಪ್ಪನದು. ಮೂರನೆಯದು ನನ್ನದು. ಬಾಳವ್ವ ಹೊಸ ಸೊಸೆಯಾಗಿ ಬಂದ ವರ್ಷ ಜವುಳಿನ ಅಂಚಿನಲ್ಲಿ ಹಕ್ಕಿಯನ್ನು ಎದುರಾಬದುರಾ ಕಂಡಳು. ಕಾಲು ಅರಿಷಿಣ ಹಚ್ಚಿದಂತೆ ಹಳದಿ. ಯಮನಪ್ಪ ಆಪಿನ ನಡುವೆ ಕುಡುಗೋಲು ಹಿಡಿದು ಬಗ್ಗಿದವನು ತನ್ನ ಮೂಗಿನ ಮುಂದೆಯೇ ಕಂಡ. ಕಾಲು ಕುಂಕುಮದ ಕೆಂಪು. ನನಗೆ ಕಂಡದ್ದು ಬಾಲ ಮಾತ್ರ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಇದ್ದರೆ ಜಗಳ. ಮರಿಯ ಕಾಲು ಒಂದು ಬಣ್ಣ, ಬೆಳೆದದ್ದರ ಕಾಲು ಇನ್ನೊಂದು ಬಣ್ಣ ಇರಬಾರದೇಕೆ ಎಂದು ನಾನು ಒಮ್ಮೆ ಮೆಲ್ಲಗೆ ಹೇಳಿದೆ. ಇಬ್ಬರೂ ಕೂಡಿ ನನ್ನನ್ನು ಬೈದರು. ಬೈಗಳು ಮಾತ್ರ ಬೇರೆ ಬೇರೆ ಇದ್ದವು.

ಹೀಗೆ, ಕಾಣದವರ ಓಣಿಯಲ್ಲಿ ಮಳೆ ಬಿದ್ದು ಗೋಡೆಗೆ ಪಾಚಿ ಹಿಡಿಯಿತು. ಕಂಡವರ ಓಣಿ ಒಣಗಿ ಸಂಡಿಗೆ ಹಾಕುವ ಅಂಗಳವಾಯಿತು.

ಆ ವರ್ಷ ಜವುಳು ಸೊರಗಿ ಸೊರಗಿ ನಡುವೆ ಒಂದು ಹೊಂಡದಷ್ಟು ನೀರು ಉಳಿಯಿತು. ಆಪು ತುದಿಯಿಂದ ಬುಡದ ಕಡೆಗೆ ಕಂದುತ್ತಾ ಬಂತು. ಬೇರು ಸತ್ತರೆ ಮತ್ತೆ ಚಿಗುರುವುದಿಲ್ಲ. ಆಪಿಲ್ಲದ ಮೇಲೆ ಚಾಪೆಯಿಲ್ಲ, ಹಕ್ಕಿಯೂ ಇಲ್ಲ. ಅದೇ ಹೊತ್ತಿಗೆ ರತ್ನಾಬಾಯಿ ಕಮಿಟಿಯ ಮುಂದೆ ಒಂದು ವಿಚಾರವಿಟ್ಟರು. ಹೇಗೂ ಒಣಗುತ್ತಿರುವ ಜವುಳನ್ನು ಮಣ್ಣು ತುಂಬಿ ಮಟ್ಟ ಮಾಡಿ, ಫರಸಿ ಕಲ್ಲು ಹಾಸಿ, ಊರಿಗೆಲ್ಲ ಒಣಗಿಸುವ ಕಣ ಮಾಡೋಣ. ಚಾಪೆ ಓಣಿಗೆ ಖಾಯಂ ಬೇಸಿಗೆ ಎಂದು ಹಲಗೆಯ ಮೇಲೆ ಬರೆದುಬಿಡೋಣ. ನೇಯುವವರಿಗೂ ಕೆಲಸ ತಪ್ಪುವುದಿಲ್ಲ, ಹಪ್ಪಳ ಮಗುಚಲು ಕೈ ಬೇಕೇ ಬೇಕು.

ಸಾವಕಾರರು ನ್ಯಾಯವಂತರು. ಹಾಗೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಮುಂದಿನ ಅಮಾವಾಸ್ಯೆಯ ಮಧ್ಯಾಹ್ನ ಚಾವಡಿಗೆ ಬಂದು ಚಾಪೆ ಓಣಿಯವರು ಸಾಕ್ಷಿ ಹೇಳಲಿ, ಮಳೆ ಬಂದರೆ ಕಣದ ಮಾತು ಬಿಡೋಣ, ಬಾರದಿದ್ದರೆ ಮರುದಿನವೇ ಮಣ್ಣಿನ ಗಾಡಿ ಎಂದು ಡಂಗುರ ಸಾರಿಸಿದರು. ಈ ಔದಾರ್ಯಕ್ಕೆ ಪೇಟೆ ಓಣಿ ಚಪ್ಪಾಳೆ ಹೊಡೆಯಿತು. ನಮ್ಮ ಮೂವರು ಒಂದು ಮಾತಿಗೆ ಬರುವುದಿಲ್ಲವೆಂದು ಊರಿನ ಕೂಸಿಗೂ ಗೊತ್ತಿತ್ತು.

ನಾನು ಬಾಳವ್ವನ ಅಂಗಳಕ್ಕೆ ಹೋದೆ. ಬೇವಿನ ನೆರಳಲ್ಲಿ ಅವಳು ಅರ್ಧ ಚಾಪೆಯ ಮೇಲೆ ಕೂತು ಉಳಿದರ್ಧ ನೇಯುತ್ತಿದ್ದಳು. ಯಮನಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಅವನು ಅಂಗಳದೊಳಗೆ ಕಾಲಿಡದೆ ಹೊಸ್ತಿಲ ಕಲ್ಲಿನ ಮೇಲೆ, ಪೇಟೆಯವರ ಮೆಣಸಿನಕಾಯಿಯ ರಾಶಿಗೆ ಒರಗಿ ಕೂತ.

"ನೋಡ್ರವಾ," ಎಂದೆ. "ಹಳದಿ ಬ್ಯಾಡ, ಕೆಂಪ ಬ್ಯಾಡ. ಮಾಸ್ತರ ಪದಾನ ಅಂದು ಬಿಡೂಣು. ಹಸರ ಕಾಲ ಅಂದ್ರ ನಮ್ಮ ಗಂಟ ಏನ್ ಹೋತು?"

"ಹಸರ!" ಬಾಳವ್ವನ ಕೈ ನಿಂತಿತು. "ಹಸರ ಕಾಲ ಗಿಣಿಗೂ ಇಲ್ಲ ಮುತ್ಯಾ. ಕಣ್ಣಿಲೆ ಕಂಡದ್ದನ್ನ ಬಿಟ್ಟು ಆ ಮಾಸ್ತರನ ಬಾಯಿ ನಾ ಯಾಕ ತೊಟಗೊಳ್ಳಲಿ?"

"ಅಕಿ ಹಳದಿ ಅಂತಂದು ಸಾಯೂದ್ಕಿಂತ ಹಸರ ಅನ್ನೂದು ಚಲೋ," ಎಂದ ಯಮನಪ್ಪ ನನ್ನ ಕಡೆ ನೋಡಿ. ಅವಳ ಜೊತೆ ಅವನು ನೇರ ಮಾತಾಡುತ್ತಿರಲಿಲ್ಲ. "ಖರೇ ಅಂದ್ರ ಕೆಂಪ. ಆದ್ರೂ ಓಣಿ ಸಲುವಾಗಿ ಹಸರ ಅಂತೀನಿ."

"ಸಿಂದಿ ಕುಡದು ನೋಡಿದ್ರ ಎಮ್ಮಿ ಕಾಲೂ ಕೆಂಪ ಕಾಣತಾವ. ಹೇಳು ಮುತ್ಯಾ ಅವಗ."

"ಕಾಮಾಲಿ ಆದವರಿಗಿ ಹಾಲೂ ಹಳದಿ ಕಾಣತೈತಿ. ಹೇಳು ಮುತ್ಯಾ ಅಕಿಗಿ."

ಮುರಿದ ಛತ್ರಿ ಹಿಡಿದು ಬದುಕಿದವನಿಗೆ ಒಂದು ಗೊತ್ತಿರುತ್ತದೆ, ಬಾಗಿದ ಕಡ್ಡಿಯನ್ನು ಸಿಟ್ಟಿನಿಂದ ನೆಟ್ಟಗೆ ಮಾಡಲು ಹೋದರೆ ಎರಡು ತುಂಡಾಗುತ್ತದೆ. ಬಿಸಿಲು ಬೇವಿನ ನೆರಳನ್ನು ಅಂಗಳದ ಆ ಕಡೆಗೆ ಎಳೆದುಕೊಂಡು ಹೋಯಿತು. ಬಾಳವ್ವ ಕೈಯಲ್ಲಿದ್ದ ಆಪಿನ ಎಳೆ ಬಗ್ಗಿಸಿದಳು. ಅದು ಬಗ್ಗಲಿಲ್ಲ, ಪಟಕ್ಕನೆ ಮುರಿಯಿತು. ಇನ್ನೊಂದು ತೆಗೆದಳು. ಅದೂ ಮುರಿಯಿತು. ಅವಳು ಆ ತುಂಡುಗಳನ್ನು ಬಹಳ ಹೊತ್ತು ನೋಡಿದಳು.

"ಹಪ್ಪಳಾ ಮಗಚಾಕ ಹೋಗಬೇಕಲ್ಲ ನಾವು," ಎಂದಳು, ಈ ಸಲ ದನಿಯಲ್ಲಿ ಖಾರವಿರಲಿಲ್ಲ. "ಆತು. ಹಸರ ಅಂತೀನಿ. ಜವುಳಿನವ್ವ ನನ್ನ ನಾಲಗಿ ಸೀಳದಿದ್ರ ಸಾಕು."

ಅಮಾವಾಸ್ಯೆಯವರೆಗೆ ಮೂವರೂ ಪದ ಬಾಯಿಪಾಠ ಮಾಡಿದೆವು. ಯಮನಪ್ಪ ಕೊಯ್ಯಲು ಆಪಿಲ್ಲದ ಜವುಳಿನಲ್ಲಿ ನಿಂತು ಹಾಡಿದ. ಬಾಳವ್ವ ರೊಟ್ಟಿ ಬಡಿಯುತ್ತಾ ಹಾಡಿದಳು, ಹಸಿರು ಎಂಬಲ್ಲಿ ರೊಟ್ಟಿಗೆ ಒಂದು ಏಟು ಹೆಚ್ಚು ಬೀಳುತ್ತಿತ್ತು. ನಾನು ಛತ್ರಿ ಹೊಲಿಯುತ್ತಾ ಗೊಣಗಿದೆ.

ಅಂದು ಮಧ್ಯಾಹ್ನ ಚಾವಡಿಯಲ್ಲಿ ಜಾತ್ರೆಯಂತೆ ಮಂದಿ. ಪೇಟೆಯವರು ಒದ್ದೆ ಛತ್ರಿಗಳನ್ನು ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿದ್ದರು. ಅರ್ಧಕ್ಕರ್ಧ ನನ್ನ ಕೈಯ ಹೊಲಿಗೆ. ಮಲಕಾಜಪ್ಪ ಸಾವಕಾರರು ನಡುವೆ, ಅವರ ಎಡಬಲಕ್ಕೆ ಮಾಸ್ತರರು, ರತ್ನಾಬಾಯಿ. ಮಾಸ್ತರರ ಕೈಯಲ್ಲಿ ಆಗಲೇ ಸುಣ್ಣದ ಕಡ್ಡಿ, ಖಾಯಂ ಬೇಸಿಗೆ ಎಂದು ಬರೆಯಲು.

"ಹೂಂ, ಸುರು ಮಾಡ್ರಿ," ಎಂದರು ಸಾವಕಾರರು. "ಹೊತ್ತ ಕಳೀಬ್ಯಾಡ್ರಿ. ಮೂವರೂ ಕೂಡಿ."

ಸುರು ಮಾಡಿದೆವು. ಕೆಂಪು ಕೊಕ್ಕು ಎನ್ನುವವರೆಗೆ ಮೂರು ಬಾಯಿ ಒಂದೇ ಇದ್ದವು. ಹೊರಗೆ ನಮ್ಮ ಓಣಿಯ ಮೇಲೆ ಒಂದು ಸಣ್ಣ ಮೋಡ ಬಂದು ಕಿವಿಗೊಟ್ಟಂತೆ ನಿಂತಿತೆಂದು ಬಾಗಿಲಲ್ಲಿದ್ದವರು ಆಮೇಲೆ ಹೇಳಿದರು. ಮುಂದಿನ ಮಾತು ಬಂತು. ನಾನು ಹಸಿರು ಎಂದೆ. ಬಾಳವ್ವ ಕಣ್ಣು ಮುಚ್ಚಿ, "ಹಳದಿ!" ಎಂದಳು. ಯಮನಪ್ಪ ಅದನ್ನು ಕೇಳಿದ್ದೇ ತಡ, "ಕೆಂಪು!" ಎಂದು ಕೂಗಿದ. ಮೋಡ ತನ್ನ ದಾರಿ ಹಿಡಿಯಿತು.

ಚಾವಡಿ ನಕ್ಕು ನಕ್ಕು ಕೆಮ್ಮಿತು. ಗಿರಣಿ ಓಣಿಯ ಒಬ್ಬ ಪಕ್ಕದವನ ಬೆನ್ನು ಬಡಿಯುತ್ತಾ, "ಒಂದ ಹಕ್ಕಿಗಿ ಮೂರ ಬಣ್ಣದ ಕಾಲ್ರೀ, ಧ್ವಜಾ ಹಾರಸ್ಯಾರ!" ಎಂದ.

"ನೋಡ್ರಿ ಸಾವಕಾರ್ರ," ರತ್ನಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಕಂಡೇವಿ ಕಂಡೇವಿ ಅಂತ ಹಲಬತಾರ. ಕಂಡವರು ಹಿಂಗ ಮಾತಾಡತಾರೇನ್ರಿ? ನಾವು ಎಂದರ ಜಗಳಾಡೇವೇನು?"

ಬಾಳವ್ವ ನೆಲ ನೋಡುತ್ತಾ ನಿಂತಿದ್ದಳು. ಮಾಸ್ತರರು ಹಲಗೆಯ ಕಡೆ ಹೊರಳಿ ಒರೆಸುವ ಬಟ್ಟೆ ಎತ್ತಿದರು.

ಆಗ ನಾನು ಎರಡು ಹೆಜ್ಜೆ ಮುಂದೆ ಬಂದು ಕೈ ಮುಗಿದೆ. "ಮಾಸ್ತರ್ರ, ಸಿಟ್ಟ ಆಗಬ್ಯಾಡ್ರಿ. ನಾವು ಸಾಲಿ ಕಟ್ಟಿ ಹತ್ತದ ಮಂದಿ. ನೀವು ಇಷ್ಟ ಚಂದ ಪದಾ ಕಟ್ಟೀರಿ, ನಮ್ಮ ನಾಲಗಿಗೆ ಅದು ಕುಂಡ್ರವಲ್ದು. ತಾಳ ಎಲ್ಲಿ ಬೀಳತೈತಿ ಅನ್ನೂದ ತಿಳೀವಲ್ದು. ಬರಿಯೂಕಿಂತ ಮೊದಲ, ದೊಡ್ಡವ್ರು ನೀವು ಮೂವರೂ ಕೂಡಿ ಒಮ್ಮಿ ಅಂದು ತೋರಸ್ರಲಾ. ಹೆಂಗ ಅನಬೇಕಾಗಿತ್ತು ಅನ್ನೂದರ ತಿಳಕೊಂಡು ಹೋಗತೀವಿ."

ಪದ ಕಟ್ಟಿದವರ ಮುಂದೆ ಅವರ ಪದವನ್ನು ಕೇಳುವುದೆಂದರೆ, ಹಸಿದ ಎತ್ತಿಗೆ ಮೇವು ತೋರಿಸಿದ ಹಾಗೆ. ಮಾಸ್ತರರು ಬಟ್ಟೆ ಕೆಳಗಿಟ್ಟರು. ಗಂಟಲು ಸರಿಮಾಡಿಕೊಂಡರು. "ಅನ್ನೂಣ್ರಿ ಸಾವಕಾರ್ರ. ಕಲಿಯೂ ಆಶಾ ಐತಿ ಮುದುಕಗ."

ಮೂವರೂ ಹಾಡಿದರು. ಕೆಂಪು ಕೊಕ್ಕು, ಹಸಿರು ಕಾಲು, ಬಾಲದಡಿಗೆ ಬಿಳಿಯ ನೂಲು. ಸಾವಕಾರರು ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿದರು. ಪೇಟೆ ಓಣಿಯಲ್ಲಿ ಎನ್ನುವಷ್ಟರಲ್ಲಿ ನಾನು ಕೈ ಎತ್ತಿದೆ.

"ತಪ್ಪ ತಿಳೀಬ್ಯಾಡ್ರಿ. ಪೇಟೆ ಓಣಿ ಅಂದ್ರ ಚಂದ ಕುಂಡ್ರತೈತಿ. ನಮ್ಮ ಓಣಿ ಹೆಸರ ಅಲ್ಲಿ ಹಿಡಸತೈತೋ ಇಲ್ಲೋ. ನಮ್ಮದು ತುಸು ಮೊಂಡ ಹೆಸರ."

"ಯಾಕ ಹಿಡಸೂದಿಲ್ಲ?" ಮಾಸ್ತರರಿಗೆ ಸಿಟ್ಟೇ ಬಂತು. "ನಾ ಕಟ್ಟಿದ ಛಂದಸ್ಸು ಅದು. ಯಾ ಓಣಿ ಹಾಕಿದ್ರೂ ಹಿಡಸತೈತಿ. ಸಾವಕಾರ್ರ, ಬಾಯಾರ, ಜೋರಾಗಿ ಅನ್ರಿ, ಮುದುಕಗ ಕಿವಿ ಮಂದ ಕಾಣತೈತಿ." ಅವರು ಕೈ ಬೀಸಿದರು. ಮೂವರೂ ದನಿ ಎತ್ತಿ, ಎಲ್ಲಿಯೂ ತಪ್ಪದೆ, ತಾಳಕ್ಕೆ ಸರಿಯಾಗಿ, ಚಾವಡಿಯ ತೊಲೆ ಅದುರುವಂತೆ ಹಾಡಿದರು: "ಚಾಪೆ ಓಣಿಯಲ್ಲಿ ನಾವು ಜವುಳುಕೋಳಿ ಕಂಡೆವು!"

ಸಾವಕಾರರ ಬೆರಳು ಮೇಜಿನ ಮೇಲೆ ಹಾಗೇ ನಿಂತಿತ್ತು. ದೂರದಲ್ಲಿ ಯಾರೋ ತಗಡಿನ ಡಬ್ಬಿಗಳನ್ನು ಮೆಟ್ಟಿಲ ಮೇಲಿಂದ ಉರುಳಿಸಿದಂತೆ ಗುಡುಗಿತು.

"ಅಯ್ಯೋ ನನ್ನ ಹಪ್ಪಳಾ!" ರತ್ನಾಬಾಯಿ ಎದ್ದು ಓಡಿದರು. ಅವರ ಹಿಂದೆ ಮೆಣಸಿನಕಾಯಿಯವರು, ಶಾವಿಗೆಯವರು, ಗಾದಿಯವರು. ಅವಸರದಲ್ಲಿ ತಮ್ಮ ತಮ್ಮ ಛತ್ರಿಗಳನ್ನು ಬಾಗಿಲಲ್ಲೇ ಬಿಟ್ಟು ಹೋದರು. ಚಾಪೆ ಓಣಿಗೆ ಹೋಗುವಾಗ ಛತ್ರಿ ಹಿಡಿದು ಯಾರಿಗೂ ರೂಢಿ ಇರಲಿಲ್ಲ.

ಬೇಕಂತಲೇ ಕೇಳಿದೆಯಾ ಮುತ್ಯಾ ಎಂದು ಬಹಳ ಮಂದಿ ಈಗಲೂ ಕೇಳುತ್ತಾರೆ. ಛತ್ರಿ ರಿಪೇರಿಯವನು ಮಳೆ ಬರಲೆಂದು ಬಯಸುವುದರಲ್ಲಿ ಗುಟ್ಟೇನಿದೆ?

ನಮ್ಮ ಓಣಿ ಅಂದು ನೋಡುವಂತಿತ್ತು. ಸಂಡಿಗೆಗಳು ಮತ್ತೆ ಹಿಟ್ಟಾದವು. ಮೆಣಸಿನಕಾಯಿಯ ಕೆಂಪು ನೀರು ಬಾಗಿಲಿಂದ ಬಾಗಿಲಿಗೆ ಹರಿಯಿತು. ಬಾಳವ್ವನ ಮೊಮ್ಮಗಳು ಒಳಗೆ ಓಡಿ ಹೋಗಿ, "ಅಮ್ಮಾ, ಮಾಳಗಿ ಮ್ಯಾಲಿಂದ ಯಾರೋ ನೀರ ಒಗ್ಯಾಕ್ಹತ್ಯಾರ!" ಎಂದು ಅತ್ತಳು. ಬಿಸಿಲಿಗೆಂದೇ ಕಟ್ಟಿದ ನಮ್ಮ ಮಾಳಿಗೆಗಳು ಜರಡಿಯಂತೆ ಸೋರಿದವು. ಒಳಗೆ ತಂಬಿಗೆ ಹಿಡಿಯುವುದೋ ಹೊರಗೆ ಕುಣಿಯುವುದೋ ನಮಗೆ ಗೊತ್ತಾಗಲಿಲ್ಲ. ನನ್ನ ಮನೆಯಲ್ಲಿ ನನ್ನದೆಂಬ ಒಂದು ಛತ್ರಿಯೂ ಇಲ್ಲವೆಂದು ನನಗೆ ಹೊಳೆದದ್ದು ಆಗಲೇ. ಬಾಳವ್ವ ಅಂಗಳದಲ್ಲಿ ನೆನೆಯುತ್ತಾ ನಿಂತು, ಒಂದು ಆಪಿನ ಎಳೆ ತೆಗೆದು ಬೆರಳಿಗೆ ಸುತ್ತಿದಳು. ಬಗ್ಗಿತು. ಬಿಚ್ಚಿ ಮತ್ತೆ ಸುತ್ತಿದಳು.

ಕಮಿಟಿ ನಮ್ಮ ಮೇಲೆ ಹರಿಹಾಯುತ್ತದೆಂದು ನಾವು ಕಾದೆವು. ಅವರನ್ನು ನಾವು ಇನ್ನೂ ಅರಿತಿರಲಿಲ್ಲ. ಎಂಟು ದಿನ ಪೇಟೆ ಓಣಿ ಮುಖ ಊದಿಸಿಕೊಂಡು ಕೂತಿತ್ತು. ಆಮೇಲೆ ಮಾಸ್ತರರು ಹಲಗೆಯ ಮೇಲಿನ ನಮ್ಮ ಹಳೆಯ ಸಾಲನ್ನು ಒರೆಸಿ, 'ಚಾಪೆ ಓಣಿ: ಕಮಿಟಿಯ ಶ್ರಮದಿಂದ ಈಗಷ್ಟೇ ಬಂದಿದೆ' ಎಂದು ಬರೆದರು. ವರ್ಷಗಟ್ಟಲೆ ಕಡೆಗಣಿಸಲ್ಪಟ್ಟ ಓಣಿಗೆ ಮಳೆ ತಂದ ಮೂವರು ಮಹನೀಯರಿಗೆ ಸನ್ಮಾನ ಎಂದು ಡಂಗುರ ಬಿತ್ತು. ಸನ್ಮಾನ ಮಾಡುವವರೂ ಅವರೇ, ಮಾಡಿಸಿಕೊಳ್ಳುವವರೂ ಅವರೇ. ಸ್ಥಳ ಮಾತ್ರ ನಮ್ಮದು. ಚಾಪೆ ಓಣಿಯಲ್ಲೇ, ಜವುಳಿನ ದಂಡೆಯ ಮೇಲೆ. ಚಾಪೆಗಳನ್ನು ಬಾಳವ್ವ ಹಾಸಬೇಕು, ಹಾರಕ್ಕೆ ಹೂ ಯಮನಪ್ಪ ತರಬೇಕು, ಸಾವಕಾರರ ತಲೆಯ ಮೇಲೆ ಛತ್ರಿ ನಾನು ಹಿಡಿಯಬೇಕು.

ಹಿಡಿದೆ. ಹನಿ ಹನಿ ಮಳೆ. ಜವುಳು ತುಂಬಿ ಆಪಿನ ಹೊಸ ಚಿಗುರು ಚೂಪಾಗಿ ಮೇಲೆದ್ದಿತ್ತು. ಸಾವಕಾರರು ಮಾಸ್ತರರಿಗೆ ಶಾಲು ಹೊದಿಸಿದರು, ಮಾಸ್ತರರು ರತ್ನಾಬಾಯಿಗೆ ಹೊದಿಸಿದರು, ರತ್ನಾಬಾಯಿ ಸಾವಕಾರರಿಗೆ. ಬಳಿಕ ಸಾವಕಾರರು ಧೋತರ ಎತ್ತಿ ಹಿಡಿದು ಭಾಷಣಕ್ಕೆ ನಿಂತರು. ಆ ಹಕ್ಕಿಯನ್ನು ಕಾಣಲು ಪುಣ್ಯ ಬೇಕು, ತಪಸ್ಸು ಬೇಕು, ಎಲ್ಲರ ಕಣ್ಣಿಗೂ ಅದು ಬೀಳುವಂಥದ್ದಲ್ಲ ಎಂದು ಸುರು ಮಾಡಿದರು.

ಅಷ್ಟರಲ್ಲಿ ಅವರ ಬೆನ್ನ ಹಿಂದೆ ಆಪು ಅಲುಗಿತು. ಕುತ್ತಿಗೆ ಮುಂದೆ ಚಾಚಿ, ಬಾಲ ಕುಣಿಸುತ್ತಾ ಅದು ಹೊರಗೆ ಬಂತು. ಮಳೆಯಿಲ್ಲದ ಕಾಲದಲ್ಲಿ ಆಪು ಬಿಟ್ಟು ಒಂದು ಗೇಣು ಈಚೆ ಬಾರದ ಹಕ್ಕಿ, ತುಂಬಿದ ಜವುಳಿನಿಂದ ಎದ್ದು, ದಂಡೆ ಹತ್ತಿ, ಬಾಳವ್ವನ ಹೊಸ ಚಾಪೆಯ ಮೇಲೆ ಹೆಜ್ಜೆ ಗುರುತು ಮೂಡಿಸುತ್ತಾ, ಸನ್ಮಾನದ ಕುರ್ಚಿಗಳ ನಡುವೆ ಹಾದು ಬಂತು. ಇಡೀ ಕಮಿಟಿಯ ಕಾಲ ಬಳಿ. ಬಾಳವ್ವ ನೋಡಿದಳು. ಯಮನಪ್ಪ ನೋಡಿದ. ನಾನೂ ನೋಡಿದೆ. ತೊಡೆಯವರೆಗೂ ಕೆಸರು ಮೆತ್ತಿತ್ತು. ಕಾಲಿನ ಬಣ್ಣ ಕೆಸರಿನ ಬಣ್ಣ.

ಸಾವಕಾರರ ಧೋತರಕ್ಕೆ ಏನೋ ತಾಗಿತು. ಮಾತು ನಿಲ್ಲಿಸಿ ಬಗ್ಗಿ ನೋಡಿದರು. ಕಾಲು ಹಸಿರಿರಲಿಲ್ಲ.

"ಥೂ! ಯಾರ ಮನಿ ಕೋಳಿರೀ ಇದು? ಸಭಾದಾಗ ಬಿಟ್ಟೀರಲಾ! ಮಾಸ್ತರ್ರ, ಹಿಡದು ಒಗೀರಿ ಅತ್ತಾಗ." ಮಾಸ್ತರರು ಶಾಲು ಸರಿಸಿ ಕೈ ಚಾಚಿದರು. ರತ್ನಾಬಾಯಿ ಕೊಡೆ ಮಡಚಿ ಬಡಿಯಲು ಎತ್ತಿದರು.

ಬಾಳವ್ವ ಯಮನಪ್ಪನನ್ನು ನೋಡಿದಳು. ಯಮನಪ್ಪ ಬಾಳವ್ವನನ್ನು ನೋಡಿದ. ಆಮೇಲೆ ಇಬ್ಬರೂ ನನ್ನನ್ನು.

"ನಮ್ಮನಿ ಕೋಳಿರೀ!" ಎಂದೆವು.

ಚಾಪೆ ಓಣಿಯ ಮೂರು ಮನೆಯ ಮೂವರು ಒಂದೇ ಬಾಯಿಯಿಂದ ಪೂರ್ತಿ ಆಡಿ ಮುಗಿಸಿದ ಮೊದಲ ಮಾತು ಅದು. ರತ್ನಾಬಾಯಿ ಕೊಡೆ ಇಳಿಸಿದರು. ಹಕ್ಕಿ ಅವಸರಪಡದೆ ಇಳಿದು ಆಪಿನೊಳಗೆ ಹೋಯಿತು. ಮಳೆಗೆ ಕಣ್ಣಿಲ್ಲ, ಕಿವಿಯಿದೆಯಲ್ಲ, ಅದು ಒಮ್ಮೆಲೇ ಜೋರಾಯಿತು. ನಾನು ಹಿಡಿದಿದ್ದ ಛತ್ರಿಯ ಬಟ್ಟೆಯ ಮೇಲೆ ಎಂಥ ಸದ್ದು ಬಿತ್ತೆಂದರೆ, ಹಕ್ಕಿಯನ್ನು ತಾವು ಹೇಗೆ ಕಂಡೆವೆಂದು ಸಾವಕಾರರು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.